ಒಂದು ಸೆಂಟಿನ ಮಿಠಾಯಿ ಡಬ್ಬಿ

ಭಾಗ 1

ಮೊದಲನೇ ಚಿತ್ರದಲ್ಲಿ ಕೆಂಪಗೆ ಥಳಥಳ ಅಂತ ಕೂತಿದೆಯಲ್ಲ, ಅದು ನಾನೇ ಹಾಳು ಮಾಡಿದ ಮಿಷನ್ನು. ನೋಡಿದರೆ ಹಾಗನ್ನಿಸಲ್ಲ, ಅಲ್ವಾ? ಮೇಲೆ ದುಂಡನೆಯ ಗಾಜಿನ ಬುರುಡೆ, ಕೆಳಗೆ ಬೀಡು ಕಬ್ಬಿಣದ ಪೀಠ, ಮುಂದೆ ಒಂದು ಹ್ಯಾಂಡಲ್. ಒಂದು ಸೆಂಟ್ ಹಾಕಿ ತಿರುಗಿಸಿದರೆ ಅಂಗೈ ತುಂಬ ಕಡಲೆಬೀಜ. ಅಮೆರಿಕದ ಕಿರಾಣಿ ಅಂಗಡಿ, ಕ್ಷೌರದಂಗಡಿ, ಪೆಟ್ರೋಲ್ ಬಂಕುಗಳ ಬಾಗಿಲಲ್ಲಿ ಒಂದು ಕಾಲಕ್ಕೆ ಇಂಥವು ಲೆಕ್ಕವಿಲ್ಲದಷ್ಟು ನಿಂತಿದ್ದವು.

ನಾನಿರುವ ಒಹಾಯೊದ ಒಂದು ಹಳೇ ಸಾಮಾನಿನ ಸಂತೆಯಲ್ಲಿ ಇದು ಸಿಕ್ಕಿತು. ತುಕ್ಕು, ಜಿಡ್ಡು, ಪದರ ಪದರ ಬಣ್ಣ. ಒಂದು ಶನಿವಾರ ಕೂತು ಪೇಂಟ್ ರಿಮೂವರ್ ಬಳಿದು, ಕಬ್ಬಿಣ ಕಾಣುವ ತನಕ ಕೆರೆದು, ಹೊಸ ಕೆಂಪು ಹೊಡೆದು ಇಲ್ಲಿ ಫೋಟೋ ಹಾಕಿದೆ. ನೀವೂ ಧಾರಾಳವಾಗಿ ಲೈಕ್ ಕೊಟ್ರಿ.

ಎಷ್ಟೋ ದಿನ ಆದ್ಮೇಲೆ, ಕೆರೆಯುವಾಗ ತೆಗೆದ ಫೋಟೋಗಳನ್ನ ದೊಡ್ಡದು ಮಾಡಿ ನೋಡ್ತಾ ಇದ್ದೆ. ಎರಡನೇ ಚಿತ್ರ ಅದೇ. ಮೇಲಿನ ಹಸಿರು ಹೋಗಿದೆ, ಅದರಡಿಯ ನೀಲಿ ಅರ್ಧ ಎದ್ದಿದೆ. ಪೀಠದ ಬಲಗಡೆ ನೀಲಿಯ ಮೇಲೆ ಬಿಳಿ ಬಣ್ಣದಲ್ಲಿ, ಸಣ್ಣ ಬ್ರಶ್ಶಿನಿಂದ ಕೈಯಲ್ಲೇ ಬರೆದ '27'. ಪಕ್ಕದಲ್ಲಿ ಇನ್ನೆರಡು ಅಕ್ಷರ, ಓದೋಕಾಗಲ್ಲ. ಇದನ್ನು ಯಾವುದೋ ಅಂಗಡಿಯಲ್ಲಿಟ್ಟು, ಆಗಾಗ ಬಂದು ಚಿಲ್ಲರೆ ಎಣಿಸಿಕೊಂಡು ಹೋಗುತ್ತಿದ್ದವನ ಲೆಕ್ಕದ ನಂಬರ್ ಇರಬೇಕು. ಅವನು ಈ ಲೋಕದಲ್ಲಿ ಬರೆದಿಟ್ಟು ಹೋಗಿದ್ದು ಅಷ್ಟೇನೋ. ನಾನು ಹತ್ತು ನಿಮಿಷದಲ್ಲಿ ಕೆರೆದು ಕಸದ ಬುಟ್ಟಿಗೆ ಹಾಕಿದೆ.

ಮಿಠಾಯಿ ಮಿಷನ್ ಮಾಡಿದ ಕಂಪನಿಗಳ ಕ್ಯಾಟಲಾಗು, ಪೇಟೆಂಟು, ಜಾಹೀರಾತು ಸಿಗುತ್ತವೆ. ಅದನ್ನು ಇಟ್ಟುಕೊಂಡು ಹೊಟ್ಟೆ ಹೊರೆದವರ, ಅದಕ್ಕೆ ಮೋಸ ಮಾಡಿದವರ ಕತೆ ಮಾತ್ರ ಇರುವುದು ಮಿಷನ್ನಿನ ಮೈಮೇಲೇ. ಈ ಸಲದ ಸರಣಿ ಆ ಮೈಯನ್ನ ಓದೋದು ಹೇಗೆ ಅನ್ನೋದರ ಬಗ್ಗೆ.

ಭಾಗ 2

ಕಾಸು ಹಾಕಿದರೆ ವಸ್ತು ಕೊಡುವ ಯಂತ್ರದ ಇತಿಹಾಸ ಬರೆಯುವವರೆಲ್ಲ ಅಲೆಕ್ಸಾಂಡ್ರಿಯಾದ ಹೀರೋನಿಂದ ಶುರು ಮಾಡುತ್ತಾರೆ. ನಾನೂ ಒಂದು ನಮಸ್ಕಾರ ಹಾಕಿ ಮುಂದೆ ಹೋಗ್ತೀನಿ. ಕ್ರಿ.ಶ. ಒಂದನೇ ಶತಮಾನದಲ್ಲಿ ಅವನು ವಿವರಿಸಿದ ದೇವಸ್ಥಾನದ ಪಾತ್ರೆಗೆ ಐದು ದ್ರಾಕ್ಮಾದ ನಾಣ್ಯ ಹಾಕಿದರೆ, ನಾಣ್ಯದ ಭಾರಕ್ಕೆ ಒಳಗಿನ ಸನ್ನೆಕೋಲು ವಾಲಿ, ಮುಚ್ಚಳ ತೆರೆದು, ತೀರ್ಥ ಬರುತ್ತಿತ್ತು. ನಾಣ್ಯ ಜಾರಿ ಬಿದ್ದ ಕೂಡಲೇ ತೀರ್ಥ ಬಂದ್.

ನಮ್ಮ ಕತೆಗೆ ಹತ್ತಿರದವನು ಪರ್ಸಿವಲ್ ಎವೆರಿಟ್. 1880ರ ದಶಕದ ಆರಂಭದಲ್ಲಿ ಲಂಡನ್ನಿನ ರೈಲು ನಿಲ್ದಾಣಗಳಲ್ಲಿ ಪೋಸ್ಟ್ ಕಾರ್ಡ್ ಮಾರುವ ಯಂತ್ರ ನಿಲ್ಲಿಸಿದವನು. 1887ರಲ್ಲಿ ಇಂಗ್ಲೆಂಡಿನಲ್ಲಿ ಮಿಠಾಯಿ ಯಂತ್ರಗಳಿಗೇ ಅಂತ ಒಂದು ಕಂಪನಿಯೂ ಹುಟ್ಟಿತು.

ಎವೆರಿಟ್ ನನಗೆ ಇಷ್ಟವಾಗೋದು ಅವನ ಒಂದು ದೂರಿಗಾಗಿ. ಮುಂದಿನ ಪೇಟೆಂಟ್ ಅರ್ಜಿಯೊಂದರಲ್ಲಿ ಅವನು ಹೇಳಿಕೊಳ್ಳುತ್ತಾನೆ: ನನ್ನ ಯಂತ್ರ ಸರಿಯಾಗೇ ಇದೆ, ಆದರೆ ಜನ ಬೇಕಂತಲೇ ನಾಣ್ಯದ ಸೀಳಿನೊಳಗೆ ಕಾಗದ, ಕಿತ್ತಳೆ ಸಿಪ್ಪೆ, ಕಸ ತುರುಕುತ್ತಾರೆ. ನಗು ಬರುತ್ತೆ. ಆದರೆ ಆಧುನಿಕ ವೆಂಡಿಂಗ್ ಮಿಷನ್ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದರ ಎಂಜಿನಿಯರು ಕೂತು ಯೋಚಿಸಬೇಕಾಗಿ ಬಂದದ್ದು ಕಿತ್ತಳೆ ಸಿಪ್ಪೆಯ ಬಗ್ಗೆ. ಅಂಗಡಿಯವನು ಎದುರಿಗಿಲ್ಲ ಅಂತ ಗೊತ್ತಾದ ತಕ್ಷಣ ಜನರ ಕೈ ಏನು ಮಾಡುತ್ತೆ ಅನ್ನೋದು ಅವನಿಗೆ ಮೊದಲೇ ಹೊಳೆದಿರಲಿಲ್ಲ.

ಇದೇ ಎವೆರಿಟ್ ಕಾಸು ಹಾಕಿ ತೂಕ ನೋಡುವ ಯಂತ್ರಕ್ಕೂ ಪೇಟೆಂಟ್ ಮಾಡಿಸಿದ್ದ. ನಮ್ಮ ರೈಲ್ವೆ ಪ್ಲಾಟ್‌ಫಾರಮ್ಮುಗಳಲ್ಲಿ ಬಣ್ಣದ ಬಲ್ಬು ಹತ್ತಿಸಿಕೊಂಡು ನಿಂತು, ಕಾಸು ಹಾಕಿದರೆ ದಪ್ಪ ರಟ್ಟಿನ ಚೀಟಿ ಉದುರಿಸುತ್ತಿತ್ತಲ್ಲ, ಒಂದು ಕಡೆ ತೂಕ ಇನ್ನೊಂದು ಕಡೆ ಭವಿಷ್ಯ, ಆ ತೂಕದ ಮಿಷನ್ ಈ ಮಿಠಾಯಿ ಡಬ್ಬಿಗಳಿಗೆ ದಾಯಾದಿಯೇ. ಚೀಟಿ ಬೀಳದಿದ್ದಾಗ ಅದಕ್ಕೆ ನಾವು ಕೊಟ್ಟ ಗುದ್ದುಗಳನ್ನ ನೆನಪು ಮಾಡಿಕೊಳ್ಳಿ, ಮುಂದಿನ ಭಾಗಗಳಿಗೆ ಬೇಕಾಗುತ್ತೆ.

ಭಾಗ 3

ಮಿಠಾಯಿ ಯಂತ್ರವನ್ನ ದೊಡ್ಡ ವ್ಯಾಪಾರ ಮಾಡಿದವರು ಜರ್ಮನಿಯ ಕಲೋನ್ ಊರಿನ ಸ್ಟಾಲ್‌ವೆರ್ಕ್ ಸಹೋದರರು. ಚಾಕೊಲೇಟ್ ತಯಾರಕರು. 1887ರಲ್ಲಿ ಯಂತ್ರಗಳಿಗೆ ಕೈಹಾಕಿದ ಅವರ ಚಾಕೊಲೇಟು 1893ರ ಹೊತ್ತಿಗೆ ಸುಮಾರು 15,000 ಯಂತ್ರಗಳಲ್ಲಿ ಮಾರಾಟವಾಗುತ್ತಿತ್ತು.

ಅಮೆರಿಕದಲ್ಲಿ ಶುರುವಾದದ್ದು ಚೂಯಿಂಗ್ ಗಮ್ಮಿನಿಂದ. ಇಲ್ಲಿ ನಮ್ಮ ಹಿತ್ತಲಿನ ಒಂದು ಮರ ಕತೆಯೊಳಗೆ ಬರುತ್ತೆ. ಸರಿಯಾಗಿ ಹಣ್ಣಾಗದ ಸಪೋಟ ಕಚ್ಚಿದಾಗ ತುಟಿಗೆ ಅಂಟುವ ಹಾಲು ಗೊತ್ತಲ್ಲ? ಅದೇ ಸಪೋಟ, ಅದೇ ಚಿಕ್ಕು. ಮೂಲ ಊರು ಮೆಕ್ಸಿಕೊ ಮತ್ತು ಅದರ ದಕ್ಷಿಣದ ಕಾಡುಗಳು. ಅಲ್ಲಿ ಮರದ ತೊಗಟೆಗೆ ಗೀರು ಹಾಕಿ ಹಾಲು ಇಳಿಸಿ, ಕುದಿಸಿ ಗಟ್ಟಿ ಮಾಡಿದರೆ ಸಿಗುವ ಅಂಟು ಚಿಕ್ಲೆ. ಮೆಕ್ಸಿಕೊದ ಅಧ್ಯಕ್ಷನಾಗಿ ಗಡೀಪಾರಾಗಿದ್ದ ಸಾಂಟಾ ಆನಾ 1860ರ ದಶಕದಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪಕ್ಕೆ ಬಂದಿದ್ದಾಗ ಈ ಅಂಟಿನಿಂದ ರಬ್ಬರ್ ಮಾಡಬಹುದು ಅಂತ ಥಾಮಸ್ ಆಡಮ್ಸ್ ಎಂಬವನಿಗೆ ಆಸೆ ಹುಟ್ಟಿಸಿದ. ರಬ್ಬರ್ ಆಗಲಿಲ್ಲ. ಅಗಿಯೋದಕ್ಕೆ ಚೆನ್ನಾಗಿತ್ತು. 1871ರಲ್ಲಿ ಗಮ್ ತಯಾರಿಸುವ ಯಂತ್ರಕ್ಕೆ ಆಡಮ್ಸ್ ಪೇಟೆಂಟ್ ಪಡೆದ. 1888ರಲ್ಲಿ ನ್ಯೂಯಾರ್ಕಿನ ಮೇಲ್ಸೇತುವೆ ರೈಲಿನ ಪ್ಲಾಟ್‌ಫಾರಮ್ಮುಗಳಲ್ಲಿ ಅವನ 'ಟುಟ್ಟಿ ಫ್ರುಟ್ಟಿ' ಗಮ್ ಯಂತ್ರಗಳು ನಿಂತವು. ನಾವು ಐಸ್‌ಕ್ರೀಮಿನ ಮೇಲೆ ಹಾಕೋ ಟೂಟಿ ಫ್ರೂಟಿ ಬೇರೆ, ಅದು ಪರಂಗಿಕಾಯಿ.

ರೈಲ್ವೆ ಪ್ಲಾಟ್‌ಫಾರಮ್ಮನ್ನೇ ಆರಿಸಿಕೊಂಡದ್ದು ಜಾಣತನ. ರೈಲು ಬರೋವರೆಗೂ ಜನಕ್ಕೆ ಕೆಲಸ ಇಲ್ಲ, ಜೇಬಲ್ಲಿ ಚಿಲ್ಲರೆ ಇದೆ, ಅಂಗಡಿ ಇಡೋಕೆ ಜಾಗ ಇಲ್ಲ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನ ಪುಲ್ವರ್ ಕಂಪನಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿತು. ಅವರ ಪಿಂಗಾಣಿ ಲೇಪದ ಡಬ್ಬಿಯ ಕಿಟಕಿಯೊಳಗೆ ಒಂದು ಪುಟ್ಟ ಬೊಂಬೆ. ಕಾಸು ಹಾಕಿದರೆ ಗಮ್ ಬೀಳುವಾಗ ಅದು ತಿರುಗಿ ಆಡುತ್ತಿತ್ತು. ಮೂರನೇ ಚಿತ್ರ ನೋಡಿ.

ಭಾಗ 4

ಈಗ ಹೊಟ್ಟೆಯೊಳಗೆ ಹೋಗೋಣ. ನಾಲ್ಕನೇ ಚಿತ್ರ, ಬಿಚ್ಚಿ ಟವೆಲ್ ಮೇಲೆ ಹರಡಿದ ಭಾಗಗಳು.

ಗಾಜಿನ ಬುರುಡೆಯ ತಳದಲ್ಲಿ ಗುಂಡಿಗಳಿರುವ ಒಂದು ಚಕ್ರ. ಗಮ್ ಗೋಲಿಯ ಮಿಷನ್ನಾದರೆ ಒಂದೊಂದು ಗುಂಡಿಗೆ ಒಂದೇ ಗೋಲಿ ಕೂರುತ್ತೆ. ಕಡಲೆಬೀಜದ್ದಾದರೆ ಗುಂಡಿ ದೊಡ್ಡದು, ಅದರ ಆಳವನ್ನ ಒಳಗಿಂದ ಹೆಚ್ಚುಕಮ್ಮಿ ಮಾಡಬಹುದು. ಕಡಲೆ ರೇಟು ಏರಿದರೆ ಮಾಲೀಕ ಬಂದು ಸ್ಕ್ರೂ ತಿರುಗಿಸಿ ಅಳತೆ ಇಳಿಸುತ್ತಿದ್ದ. ಸೆಂಟ್ ಅದೇ, ಬೀಜ ನಾಲ್ಕು ಕಮ್ಮಿ. ಈ ಸ್ಕ್ರೂವಿನ ತಲೆ ಎಷ್ಟು ಸವೆದಿದೆ ಅಂತ ನೋಡಿದರೆ ಅದನ್ನ ಎಷ್ಟು ಸಲ ತಿರುಗಿಸಿದ್ದಾರೆ ಅಂತ ಒಂದು ಅಂದಾಜು ಸಿಗುತ್ತೆ!

ಚಕ್ರಕ್ಕಿಂತ ಮುಖ್ಯವಾದದ್ದು ಹ್ಯಾಂಡಲ್ಲಿನ ಹಿಂದಿರುವ ನಾಣ್ಯದ ಬಿಲ್ಲೆಚಕ್ರ. ಅದರಲ್ಲಿ ಅಮೆರಿಕದ ಸೆಂಟ್ ಕೂರುವಷ್ಟೇ ಜಾಗ, ಸುಮಾರು 19 ಮಿಲಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪ. ಜಾಗ ಖಾಲಿ ಇದ್ದರೆ, ತಿರುಗಿಸಿದಾಗ ಮೇಲಿನ ಕೊಕ್ಕೆ ಆ ಹಳ್ಳಕ್ಕೆ ಬಿದ್ದು ಹ್ಯಾಂಡಲ್ಲನ್ನ ಹಿಡಿದುಬಿಡುತ್ತೆ. ನಾಣ್ಯ ಇದ್ದರೆ ಕೊಕ್ಕೆ ಅದರ ಬೆನ್ನ ಮೇಲೆ ಹತ್ತಿ ಜಾರಿ ದಾಟುತ್ತೆ. ಹಿಂದಕ್ಕೆ ತಿರುಗಿಸದ ಹಾಗೆ ಹಲ್ಲುಚಕ್ರಕ್ಕೆ ಇನ್ನೊಂದು ಕೊಕ್ಕೆ. ಕರೆಂಟಿಲ್ಲ, ಮೋಟಾರಿಲ್ಲ. ತಿರುಗಿಸುವ ಶಕ್ತಿಯೂ ಗಿರಾಕಿಯದ್ದೇ.

ಅಂದ್ರೆ ಈ ಮಿಷನ್ನಿಗೆ ಗೊತ್ತಾಗೋದು ಅಗಲ ಮತ್ತು ದಪ್ಪ ಎರಡೇ. ಅದು ಲಿಂಕನ್ ಮುಖ ನೋಡಲ್ಲ. ಜನಕ್ಕೆ ಇದು ಅರ್ಥವಾಗೋಕೆ ಎಷ್ಟು ಹೊತ್ತು? ಸೀಸದ ಬಿಲ್ಲೆ, ತಗಡಿನ ಬಿಲ್ಲೆ, ಎಲ್ಲಕ್ಕಿಂತ ಸುಲಭವಾಗಿ ಕಬ್ಬಿಣದಂಗಡಿಯ ವಾಷರ್. ತಯಾರಕರು ಉತ್ತರ ಹುಡುಕಿದರು. ಕಬ್ಬಿಣದ ಬಿಲ್ಲೆಯನ್ನ ಎಳೆದು ಹಿಡಿಯಲು ಆಯಸ್ಕಾಂತ. ವಾಷರಿನ ನಡುವಿನ ತೂತಿಗೆ ಸಿಕ್ಕಿಕೊಳ್ಳಲಿ ಅಂತ ಒಂದು ಚೂಪು ಮೊಳೆ. ನಾಣ್ಯದ ಮೇಲೆ ಸವರಿಕೊಂಡು ಹೋಗುವ ಮೊಳೆ ತೂತು ಸಿಕ್ಕರೆ ಒಳಗಿಳಿದು ಹ್ಯಾಂಡಲ್ ಕಟ್ಟಿಹಾಕುತ್ತೆ. ಪ್ರತಿ ಕೊಕ್ಕೆ, ಪ್ರತಿ ಮೊಳೆ ಯಾರದ್ದೋ ಒಂದು ತುಂಟತನಕ್ಕೆ ಕೊಟ್ಟ ಉತ್ತರ. ಚಿತ್ರದ ಬಲ ಮೂಲೆಯಲ್ಲಿರುವ ಆ ಸಣ್ಣ ಮೊಳೆಯನ್ನ ನೆನಪಿಟ್ಟುಕೊಳ್ಳಿ.

ಭಾಗ 5

ಇದರಿಂದ ಬದುಕಿದವರು ಯಾರು?

ಮಿಷನ್ ತಯಾರಿಸುವ ಕಂಪನಿ ಒಂದು. ನಾರ್ತ್‌ವೆಸ್ಟರ್ನ್, ಇಲಿನಾಯ್ ರಾಜ್ಯದ ಮಾರಿಸ್ ಊರಿನದ್ದು, 1909ರಲ್ಲಿ ಬೆಂಕಿಪೊಟ್ಟಣ ಮಾರುವ ಮಿಷನ್ನಿನಿಂದ ಶುರುವಾಗಿ ಆಮೇಲೆ ಕಡಲೆ, ಗಮ್ಮಿಗೆ ಬಂತು. ನಮ್ಮ ಒಹಾಯೊದ ಕೊಲಂಬಸ್ ಊರಂತೂ ಈ ಮಿಷನ್ನುಗಳ ತವರು. ಕೊಲಂಬಸ್ ವೆಂಡಿಂಗ್ ಕಂಪನಿ ಇಲ್ಲಿಯದು, 'ಮಾಸ್ಟರ್' ಮಿಷನ್ ಮಾಡಿದ ನಾರಿಸ್ ಕೂಡ ಇಲ್ಲಿಯದೇ. ನ್ಯೂಯಾರ್ಕ್ ರಾಜ್ಯದ ಫೋರ್ಡ್ ಮೇಸನ್ ಶುರು ಮಾಡಿದ ಕಂಪನಿ ಪ್ರತಿ ಗಮ್ ಗೋಲಿಯ ಮೇಲೂ 'ಫೋರ್ಡ್' ಅಂತ ಅಚ್ಚು ಹಾಕುತ್ತಿತ್ತು (ಕಾರಿನ ಫೋರ್ಡಿಗೂ ಇದಕ್ಕೂ ಸಂಬಂಧ ಇಲ್ಲ, ಪ್ರತಿಸಲ ಯಾರಾದ್ರೂ ಕೇಳ್ತೀರಿ).

ಅಂಗಡಿಯವನು ಎರಡನೆಯವನು. ಅವನಿಗೆ ಕಮಿಷನ್, ಜಾಗ ಬಿಟ್ಟುಕೊಟ್ಟಿದ್ದಕ್ಕೆ.

ಇವರಿಬ್ಬರ ನಡುವೆ ಆಪರೇಟರ್. ಹತ್ತೋ ಐವತ್ತೋ ಮಿಷನ್ ಕೊಂಡು, ಊರಿನ ಅಂಗಡಿ ಅಂಗಡಿಗೆ ಇಟ್ಟು, ಗಾಡಿಯಲ್ಲಿ ಒಂದು ಚೀಲ ಕಡಲೆ, ಒಂದು ಗೊಂಚಲು ಬೀಗದ ಕೈ, ಒಂದು ಒರೆಸೋ ಬಟ್ಟೆ ಇಟ್ಟುಕೊಂಡು ಸುತ್ತುವವನು. ತುಂಬಿಸೋದು, ಸಿಕ್ಕಿಕೊಂಡ ವಾಷರ್ ಕಿತ್ತು ತೆಗೆಯೋದು, ಸೆಂಟುಗಳನ್ನ ಎಣಿಸಿ ಅಂಗಡಿಯವನ ಪಾಲು ಅಲ್ಲೇ ಕೊಟ್ಟು ಹೊರಡೋದು. ಅಂಗಡಿ ಬಾಗಿಲಲ್ಲಿ ಮಾಸಲು ಮಿಷನ್ ಇದ್ದರೆ ಯಾರೂ ಕಾಸು ಹಾಕಲ್ಲ, ಅದಕ್ಕೆ ಕೈಗೆ ಸಿಕ್ಕ ಬಣ್ಣ ಬಳಿಯೋದು. ನನ್ನ ಕೆಂಪು ಮಿಷನ್ನಿನ ಪದರಗಳು ಹೀಗೆ ಬಂದವು. ಒಂದೊಂದು ಬಣ್ಣ ಅಂದ್ರೆ ಅದು ಒಂದೊಂದು ಸಲ ಬೀದಿಗೆ ಹೊಸದಾಗಿ ಹೊರಟದ್ದು.

1929ರ ಕುಸಿತದ ನಂತರ ಕೆಲಸ ಕಳೆದುಕೊಂಡವರ ಕಣ್ಣಿಗೆ ಇದು ಬಂಡವಾಳ ಕಮ್ಮಿ ಇರುವ ವ್ಯಾಪಾರವಾಗಿ ಕಂಡಿತು. ಕಂಡಿದ್ದಷ್ಟೇ ಅಲ್ಲ, ಕಾಣಿಸಲಾಯಿತು. ಉಳಿತಾಯದ ದುಡ್ಡು ಕೊಟ್ಟು ಮಿಷನ್ ಕೊಳ್ಳಿ, ಕೂತಲ್ಲೇ ಸಂಪಾದನೆ ಅಂತ ಜಾಹೀರಾತು ಕೊಟ್ಟು, ದುಬಾರಿಗೆ ಕಳಪೆ ಮಿಷನ್ ಕಟ್ಟಿ ಮಾಯವಾಗುವ ದಲ್ಲಾಳಿಗಳು ಈ ಧಂದೆಗೆ ಬಹಳ ಕಾಲ ಅಂಟಿಕೊಂಡಿದ್ದರು. ಮನೆಯಲ್ಲೇ ಕೂತು ಸಂಪಾದಿಸಿ ಅನ್ನೋ ಮೆಸೇಜು ನಿಮಗೂ ಬರುತ್ತಲ್ಲ, ಅದೇ ವಂಶ. ಹಾಗಾಗಿ ಸಂತೆಯಲ್ಲಿ ಒಂದೇ ಥರದ, ಹೆಚ್ಚು ಸವೆಯದ, ಹೊಸದರಂತಿರುವ ಹತ್ತು ಮಿಷನ್ ಒಟ್ಟಿಗೆ ಸಿಕ್ಕಿದರೆ ಸಂಗ್ರಹಕಾರರು ಖುಷಿಪಡ್ತಾರೆ. ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಓಡದ ಮಿಷನ್ನು ಯಾರದ್ದೋ ಮುಳುಗಿದ ದುಡ್ಡೂ ಆಗಿರಬಹುದು.

ಭಾಗ 6

ಇದೊಂದು ಸಣ್ಣ ಅಡ್ಡಕತೆ. ಜೂಜಿನ ಸ್ಲಾಟ್ ಮಿಷನ್ನಿನಲ್ಲಿ ಚೆರ್ರಿ, ನಿಂಬೆ, ಕಿತ್ತಳೆ, ಪ್ಲಮ್ ಹಣ್ಣು ಯಾಕೆ ತಿರುಗುತ್ತವೆ ಅಂತ ಯೋಚಿಸಿದ್ದೀರಾ?

1910ರ ಆಸುಪಾಸಿನಲ್ಲಿ ಜೂಜಿನ ಯಂತ್ರಗಳ ಮೇಲೆ ನಿಷೇಧ ಬೀಳುತ್ತಿದ್ದಾಗ, ತಯಾರಕರು ಅದಕ್ಕೆ ಗಮ್ ಮಾರುವ ವೇಷ ಹಾಕಿದರು. ಕಾಸು ಹಾಕಿದರೆ ಗಮ್ ಸಿಗುತ್ತೆ ಸ್ವಾಮಿ, ಇದು ವ್ಯಾಪಾರ, ಜೂಜಲ್ಲ ಅನ್ನೋ ವಾದ. ಚಕ್ರದ ಮೇಲಿನ ಹಣ್ಣುಗಳು ಗಮ್ಮಿನ ರುಚಿಗಳು. ಇವತ್ತಿಗೂ ಸ್ಲಾಟುಗಳಲ್ಲಿ ಕಾಣುವ 'ಬಾರ್' ಅನ್ನೋ ಗುರುತು ಬೆಲ್ ಫ್ರೂಟ್ ಗಮ್ ಕಂಪನಿಯ ಲಾಂಛನದಿಂದ ಉಳಿದದ್ದು ಅಂತಾರೆ.

ಇದರ ಏಟು ಬಡಪಾಯಿ ಗಮ್ ಡಬ್ಬಿಗೂ ತಗುಲಿತು. ಕೆಲವರು ಗಾಜಿನ ಬುರುಡೆಯಲ್ಲಿ ಸಾದಾ ಗೋಲಿಗಳ ನಡುವೆ ಚುಕ್ಕೆ, ಪಟ್ಟೆ ಇರುವ ಗೋಲಿ ಬೆರೆಸುತ್ತಿದ್ದರು. ಅದು ಸಿಕ್ಕಿದರೆ ಅಂಗಡಿಯಲ್ಲಿ ಬಹುಮಾನ. ಮಕ್ಕಳ ಮಿಠಾಯಿಯಾ, ಲಾಟರಿಯಾ? 1934ರಲ್ಲಿ ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯ ಜಪ್ತಿಯಾದ ಸ್ಲಾಟ್ ಮಿಷನ್ನುಗಳನ್ನ ಕ್ಯಾಮೆರಾ ಮುಂದೆ ಸುತ್ತಿಗೆಯಿಂದ ಒಡೆದ ಫೋಟೋ ಪ್ರಸಿದ್ಧ. ಹಳೆ ಮಿಠಾಯಿ ಮಿಷನ್ನಿನ ಮೇಲೆ ಊರಿನ ಲೈಸೆನ್ಸ್ ಚೀಟಿ ಅಂಟಿದ್ದು ಕಂಡರೆ ದಯವಿಟ್ಟು ಕೀಳಬೇಡಿ. ಅದು ಆ ಆಪರೇಟರ್ ಫೀಸು ಕಟ್ಟಿ ಸರ್ಕಾರದಿಂದ ಪಡೆದ ಅನುಮತಿ. ನಿಮ್ಮ ಮಿಷನ್ ಯಾವ ಊರಲ್ಲಿ, ಯಾವ ವರ್ಷ ನಿಂತಿತ್ತು ಅಂತ ಖಚಿತವಾಗಿ ಹೇಳುವುದು ಬಹಳ ಸಲ ಆ ಚೀಟಿ ಒಂದೇ.

ಭಾಗ 7

1942ರಲ್ಲಿ ಅಮೆರಿಕದಲ್ಲಿ ಸಕ್ಕರೆಗೆ ರೇಷನ್ ಬಂತು. ಲೋಹವೆಲ್ಲ ಯುದ್ಧಕ್ಕೆ. ಮಿಠಾಯಿ ಮಿಷನ್ ತಯಾರಿಸುತ್ತಿದ್ದ ಕಾರ್ಖಾನೆಗಳಿಗೆ ಬೇರೆ ಕೆಲಸ. ಗಮ್ ಸೈನಿಕರ ರೇಷನ್ ಪೊಟ್ಟಣಕ್ಕೆ ಹೋಯಿತು. ಆಪರೇಟರ ಹತ್ತಿರ ಉಳಿದದ್ದು ಹಳೆ ಮಿಷನ್ನುಗಳು, ಬಿಡಿಭಾಗ ಸಿಗಲ್ಲ. ಅವರು ನಮ್ಮ ಗ್ಯಾರೇಜಿನವರು ಮಾಡುವುದನ್ನೇ ಮಾಡಿದರು: ಎರಡು ಕೆಟ್ಟದ್ದನ್ನ ಬಿಚ್ಚಿ ಒಂದು ಓಡುವುದನ್ನ ಕಟ್ಟಿದರು.

ಇನ್ನೊಂದು ಫಜೀತಿ ಟಂಕಸಾಲೆಯಿಂದಲೇ ಬಂತು. ತಾಮ್ರ ಉಳಿಸೋದಕ್ಕಾಗಿ 1943ರ ಸೆಂಟುಗಳನ್ನ ಸತು ಬಳಿದ ಉಕ್ಕಿನಲ್ಲಿ ಹಾಕಿದರು, ಒಟ್ಟು ನೂರು ಕೋಟಿಗೂ ಹೆಚ್ಚು. ಕಬ್ಬಿಣದ ಬಿಲ್ಲೆ ಹಿಡಿಯಲು ಇಟ್ಟ ಆಯಸ್ಕಾಂತ ನೆನಪಿದೆಯಲ್ಲ? ಈಗ ಸರ್ಕಾರದ ಅಸಲಿ ನಾಣ್ಯವೇ ಆಯಸ್ಕಾಂತಕ್ಕೆ ಅಂಟುತ್ತೆ! ಕಳ್ಳನನ್ನು ಹಿಡಿಯಲು ನಿಲ್ಲಿಸಿದ ಕಾವಲುಗಾರ ಗಿರಾಕಿಯ ಕುತ್ತಿಗೆಪಟ್ಟಿ ಹಿಡಿದ ಹಾಗೆ. ಸಾಲದ್ದಕ್ಕೆ ಹೊಸದಾಗಿದ್ದಾಗ ಈ ಬಿಳಿ ಸೆಂಟು ಹತ್ತು ಸೆಂಟಿನ ಡೈಮ್ ಥರ ಕಾಣುತ್ತಿತ್ತು. ಒಂದೇ ವರ್ಷಕ್ಕೆ ಈ ಪ್ರಯೋಗ ನಿಂತಿತು. 1944ರ ಸೆಂಟಿಗೆ ಮತ್ತೆ ತಾಮ್ರ, ಅದರಲ್ಲೂ ಖಾಲಿ ತೋಟಾಗಳನ್ನ ಕರಗಿಸಿದ ಲೋಹ ಬಳಸಿದರು.

ಈ ಕಾಲ ಸಂಗ್ರಹಕಾರರಿಗೆ ದೊಡ್ಡ ತಲೆನೋವು. ಪೀಠ ಒಂದು ಕಂಪನಿಯದ್ದು, ಬುರುಡೆ ಇನ್ನೊಂದರದ್ದು, ಬೀಗ ಮೂರನೆಯದ್ದು. ಹರಾಜಿನ ಭಾಷೆಯಲ್ಲಿ ಇದು 'ಬೆರಕೆ', ಬೆಲೆ ಕಮ್ಮಿ. ಪೂರ್ತಿ ಅಸಲಿ ಮಾಡಲು ಜನ ಹುಡುಕಿ ಹುಡುಕಿ ಬೇರೆ ಬುರುಡೆ ಕೂರಿಸುತ್ತಾರೆ. ನನ್ನ ಪ್ರಕಾರ ಇದು ತಪ್ಪು. ಆ ಬೆರಕೆ ಯಾವಾಗ ನಡೆಯಿತು ಅನ್ನೋದೇ ಇತಿಹಾಸ. ಕಳೆದ ವರ್ಷ ಯಾವನೋ ವ್ಯಾಪಾರಿ ಜೋಡಿಸಿದ್ದರೆ ಬಿಡಿ, ಬಿಚ್ಚಿ ಸರಿ ಮಾಡಿ. 1943ರಲ್ಲಿ ಆಪರೇಟರ್ ಜೋಡಿಸಿದ್ದರೆ ಅದನ್ನು ಬಿಚ್ಚೋದಕ್ಕೆ ನಾನ್ಯಾರು?

ಭಾಗ 8

ಯುದ್ಧ ಮುಗಿದ ಮೇಲಿನದು ಬೇಗ ಹೇಳಿಬಿಡ್ತೀನಿ, ಇಲ್ಲಿಂದಾಚೆ ಬಹಳ ಜನಕ್ಕೆ ಗೊತ್ತಿರೋದೇ. ಲಾಸ್ ಏಂಜಲೀಸಿನ ಓಕ್ ಕಂಪನಿಯ ಅಲ್ಯುಮಿನಿಯಮ್ 'ಏಕಾರ್ನ್', ಶಿಕಾಗೋದ ವಿಕ್ಟರ್ ಕಂಪನಿಯ 'ಟಾಪರ್', ಮರದ ಮೈಯ 'ಬೇಬಿ ಗ್ರಾಂಡ್'. ಸಪೋಟದ ಅಂಟಿನ ಜಾಗಕ್ಕೆ ಕೃತಕ ಅಂಟು, ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ಕು. ಗೋಲಿಗಳ ನಡುವೆ ಪುಟಾಣಿ ಆಟಿಕೆ ಬಂತು, ಆಮೇಲೆ ಆಟಿಕೆಗೇ ಬೇರೆ ಗುಳಿಗೆ ಡಬ್ಬಿ. 1965ರಲ್ಲಿ ಇಂಥ ಮಿಷನ್ ಅಮೆರಿಕದಿಂದ ಜಪಾನಿಗೆ ಹೋಗಿ ಅಲ್ಲಿ ಗಾಚಾಪಾನ್ ಅಂತ ಬೇರೆಯದೇ ಲೋಕವಾಯಿತು.

ಅಮೆರಿಕದಲ್ಲಿ ಸೆಂಟಿನ ಮಿಷನ್ನನ್ನ ಕೊಂದದ್ದು ಬೆಲೆಯೇರಿಕೆ. ಒಂದು ಸೆಂಟಿಗೆ ಗೋಲಿ ಕೊಡಲಾಗದ ದಿನ ಬಂದಾಗ ಕೆಲವರು ನಾಣ್ಯದ ಚಕ್ರ ಬದಲಿಸಿ ಐದಕ್ಕೆ, ಹತ್ತಕ್ಕೆ, ಇಪ್ಪತ್ತೈದಕ್ಕೆ ಏರಿಸಿದರು. ಉಳಿದವು ಗುಜರಿಗೆ, ಕೊಟ್ಟಿಗೆಗೆ, ನೆಲಮಾಳಿಗೆಗೆ. ನಮಗೀಗ ಸಿಗೋದು ಅಲ್ಲಿಂದಲೇ. ಸಾಮಾನ್ಯವಾಗಿ ಬೀಗದ ಕೈ ಇರಲ್ಲ, ಬೀಗದಲ್ಲಿ ಡ್ರಿಲ್ ಮಾಡಿದ ತೂತು ಇರುತ್ತೆ.

ಭಾಗ 9

ರಿಪೇರಿ ಬಗ್ಗೆ ಮೆಸೇಜ್ ಮಾಡಿ ಕೇಳಿದವರಿಗೆ ಇಲ್ಲಿದೆ, ನಾನು ಪೆಟ್ಟು ತಿಂದು ಕಲಿತದ್ದು.

ಮೊದಲು ಫೋಟೋ. ಆರೂ ಕಡೆಯಿಂದ, ಒಳಗೂ ಹೊರಗೂ, ಒಂದೊಂದು ಸ್ಕ್ರೂ ಬಿಚ್ಚುವ ಮುಂಚೆ. ಆಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಬಣ್ಣದಡಿ ಹೂತ ಅಕ್ಷರದ ಅಂಚು ನೆರಳಾಗಿ ಏಳುತ್ತೆ. ನನ್ನ '27' ಹೀಗೆ ನೋಡಿದ್ದರೆ ಮೊದಲೇ ಸಿಗುತ್ತಿತ್ತು.

ಬಣ್ಣ ಕೆರೆಯಲೇಬೇಕಾದರೂ ಒಣಗಿದ್ದನ್ನ ಉಜ್ಜಬೇಡಿ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸ ಇದೆ ಅಂತಲೇ ತಿಳಿದು ಮಾಸ್ಕು, ಒದ್ದೆ ಬಟ್ಟೆ ಬಳಸಿ. ಮಕ್ಕಳನ್ನ ದೂರ ಇಡಿ. ಇಂಥ ಹಳೆ ಮಿಷನ್ನಿನಿಂದ ತಿನ್ನೋ ಪದಾರ್ಥ ಮಕ್ಕಳಿಗೆ ಕೊಡಲೂಬೇಡಿ.

ಕಡಲೆಬೀಜದ ಮಿಷನ್ನಿನ ಒಳಗಡೆ ಗಮ್ಮಿನದಕ್ಕಿಂತ ಹೆಚ್ಚು ಹಾಳಾಗಿರುತ್ತೆ. ಉಪ್ಪು ಲೋಹ ತಿನ್ನುತ್ತೆ, ಎಣ್ಣೆ ಕಮಟಾಗಿ ಗೋಂದಿನ ಹಾಗೆ ಗಟ್ಟಿಯಾಗುತ್ತೆ. ಬಿಸಿನೀರು, ಪಾತ್ರೆ ಸೋಪು, ಹಳೆ ಹಲ್ಲುಜ್ಜೋ ಬ್ರಶ್ಶು, ತಾಳ್ಮೆ. ತುಕ್ಕು ಹಿಡಿದ ಸ್ಕ್ರೂಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಕಾಸ್ಟಿಕ್ ಸೋಡಾದಲ್ಲಿ ಬೀಡು ಕಬ್ಬಿಣದ ಬಣ್ಣ ಚೆನ್ನಾಗಿ ಬಿಡುತ್ತೆ. ಅಲ್ಯುಮಿನಿಯಮ್ ಭಾಗವನ್ನ ಅದಕ್ಕೆ ಹಾಕಿದರೆ ಭಾಗವೇ ಕರಗುತ್ತೆ. ಹಾಕಬೇಡಿ.

ಕೊಳ್ಳುವಾಗ ಸ್ಕ್ರೂ ನೋಡಿ. ತಲೆಯ ಮೇಲೆ ಪ್ಲಸ್ ಗುರುತಿನ ಸ್ಟಾರ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವೆ. 1910ರ ಮಿಷನ್ ಅಂತ ಮಾರುವವನ ಡಬ್ಬಿ ತುಂಬ ಸ್ಟಾರ್ ಸ್ಕ್ರೂ ಇದ್ದರೆ ಅದು ಹೊಸ ನಕಲು. ಒಂದೆರಡು ಮಾತ್ರ ಇದ್ದರೆ ಆಪರೇಟರ್ ಮಾಡಿದ ರಿಪೇರಿಯೂ ಇರಬಹುದು. ಮೈಮೇಲೆ ಅಚ್ಚಾದ ಪೇಟೆಂಟ್ ತಾರೀಖು ಮಿಷನ್ ಹುಟ್ಟಿದ ತಾರೀಖಲ್ಲ. ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಅರ್ಥ.

ಹೊಸ ಸ್ಟಿಕ್ಕರ್, ಹೊಸ ಬುರುಡೆ, ಹೊಸ ಬೀಗ ಎಲ್ಲ ಸಿಗುತ್ತೆ. ಹಾಕಿ, ಬೇಡ ಅನ್ನಲ್ಲ. ಹಾಕಿದ್ದನ್ನ ಒಂದು ಚೀಟಿಯಲ್ಲಿ ಬರೆದು ಪೀಠದ ಒಳಗೆ ಅಂಟಿಸಿ, ಹಳೆಯದನ್ನ ಕವರಿನಲ್ಲಿ ಜೊತೆಗಿಡಿ. ನಾನು ಕೆಂಪು ಮಿಷನ್ನಿನೊಳಗೆ ಆ ಎರಡನೇ ಫೋಟೋದ ಪ್ರಿಂಟು ಅಂಟಿಸಿದ್ದೀನಿ, ಕೆರೆದವನ ಹೆಸರಿನ ಸಮೇತ.

ಭಾಗ 10

ಕೊನೆಯ ಚಿತ್ರದಲ್ಲಿರೋದು ಎರಡನೇ ಮಿಷನ್ನು. ಹೋದ ಚಳಿಗಾಲದಲ್ಲಿ ಸಿಕ್ಕಿದ್ದು. ಬೂದು ಹಸಿರು ಬಣ್ಣ, ಅಲ್ಲಲ್ಲಿ ಎದ್ದಿದೆ, ಬೀಗ ಡ್ರಿಲ್ ಮಾಡಿದ್ದಾರೆ, ಪೀಠಕ್ಕೂ ಮುಚ್ಚಳಕ್ಕೂ ಹೊಂದಾಣಿಕೆಯಿಲ್ಲ. ಈ ಸಲ ಬಣ್ಣ ಮುಟ್ಟಲಿಲ್ಲ. ಒಳಗಿನ ಜಿಡ್ಡು ತೆಗೆದೆ, ಸ್ಪ್ರಿಂಗು ಬದಲಿಸಿದೆ, ಅಷ್ಟೇ.

ನಾಣ್ಯದ ಚಕ್ರ ಬಿಚ್ಚಿದಾಗ ಅದರ ಹಿಂದೆ, ಕಾಸು ಬೀಳುವ ಡಬ್ಬಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಕಪ್ಪಗಿನ ಒಂದು ಬಿಲ್ಲೆ ಸಿಕ್ಕಿಕೊಂಡಿತ್ತು. ಸೆಂಟ್ ಅಂದುಕೊಂಡೆ. ಒರೆಸಿ ನೋಡಿದರೆ ಹಿತ್ತಾಳೆಯ ವಾಷರ್. ಸುತ್ತಲೂ ಅರ ಹಾಕಿ ಉಜ್ಜಿ ಸರಿಯಾಗಿ ಸೆಂಟಿನ ಅಗಲಕ್ಕೆ ತಂದಿದ್ದಾರೆ, ಅರದ ಗೀರು ಇನ್ನೂ ಕಾಣುತ್ತೆ. ನಡುವೆ ತೂತು ಇರಬೇಕಾದ ಕಡೆ ಸೀಸ ಕರಗಿಸಿ ತುಂಬಿ, ಮೇಲ್ಮೈ ಸಮ ಮಾಡಿದ್ದಾರೆ.

ಅಂದ್ರೆ ಅವರಿಗೆ ಆ ಮೊಳೆ ಗೊತ್ತಿತ್ತು. ಒಂದು ಸಲವಾದರೂ ಸಾದಾ ವಾಷರ್ ಹಾಕಿ, ಹ್ಯಾಂಡಲ್ ಸಿಕ್ಕಿಕೊಂಡು, ಮನೆಗೆ ಹೋಗಿ ಯೋಚನೆ ಮಾಡಿದ್ದಾರೆ. ಒಂದು ಸೆಂಟಿನ ಕಡಲೆಬೀಜಕ್ಕೆ ಅರ್ಧ ದಿನದ ಕೆಲಸ. ಹುಡುಗನೋ, ಹುಡುಗಿಯೋ, ಕೆಲಸವಿಲ್ಲದೆ ಕೂತ ಯಾರ ಅಪ್ಪನೋ.

ಅಂಗಡಿಯಿಂದ ಒಂದು ಪೊಟ್ಟಣ ಉಪ್ಪುಗಡಲೆ ತಂದು ಬುರುಡೆಗೆ ಸುರಿದೆ. ವಾಷರನ್ನ ಸೀಳಿನೊಳಗಿಟ್ಟು ತಿರುಗಿಸಿದೆ. ಮೊಳೆ ಅದರ ಬೆನ್ನ ಮೇಲೆ ಸವರಿಕೊಂಡು ಹೋದ ಸದ್ದು ಕೇಳಿಸಿತು, ಎಲ್ಲೂ ನಿಲ್ಲಲಿಲ್ಲ. ಹನ್ನೊಂದು ಬೀಜ ಬಿತ್ತು.